ಮಾಹಿತಿಯ ವಯಸ್ಸು: ಒಂದು ಲಕ್ಷಣದ ಪರೀಕ್ಷೆ

೧. ವಿಷಯ

ಯಾವುದೇ ಪದಾರ್ಥದ ಲಕ್ಷಣವನ್ನು ಹೇಳಹೊರಟವನು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನೂ ಪರಿಹರಿಸಿಕೊಳ್ಳಬೇಕೆಂಬುದು ತರ್ಕಶಾಸ್ತ್ರದಲ್ಲಿ ಬಾಲರಿಗೂ ತಿಳಿದ ಮಾತು. ಪಾಠಶಾಲೆಗಳಲ್ಲಿ ಇದಕ್ಕೆ ಗೋವನ್ನು ಉದಾಹರಿಸುವುದು ರೂಢಿ. ಕಪಿಲವರ್ಣವುಳ್ಳದ್ದು ಗೋವು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ. ಕೊಂಬುಳ್ಳದ್ದು ಗೋವು ಎಂದರೆ ಎಮ್ಮೆಯೂ ಒಳಹೊಗುತ್ತದೆ. ಒಂಟಿ ಗೊರಸುಳ್ಳದ್ದು ಎಂದರೆ ಗೋವೇ ಸಿಕ್ಕುವುದಿಲ್ಲ. ಗಂಗೆದೊಗಲುಳ್ಳದ್ದು ಎಂದಾಗ ಮಾತ್ರ ಲಕ್ಷಣವು ನಿಲ್ಲುತ್ತದೆ. ಹಳಗನ್ನಡದಲ್ಲಿ ತುರು ಎಂದರೆ ಗೋವು. ಆ ಶಬ್ದವು ಊರಿನ ಹೆಸರಿನಲ್ಲಿಯೇ ಕೇಳಿಬರುವ ತುರುವೇಕೆರೆಯ ಸೀಮೆಯಲ್ಲಿ ಇಂದು ಪರೀಕ್ಷೆಗೆ ಒಳಪಡಿಸಬೇಕಾಗಿರುವುದು ಗೋವಿನ ಲಕ್ಷಣವಲ್ಲ. ಯಂತ್ರಗಳು ತೆಂಗಿನ ಬೆಳೆಗಾರನಿಗೆ ತಿಳಿಸುವ ಸಮಾಚಾರದ ಹೊಸತನದ ಲಕ್ಷಣ.

ಕೊಬ್ಬರಿಯ ಧಾರಣೆ, ಜಮೀನಿನ ಪಹಣಿ, ಮಳೆಯ ಅಳತೆ ಇವೆಲ್ಲವೂ ಈಗ ಗಣಕಯಂತ್ರಗಳ ಮೂಲಕವೇ ಜನರಿಗೆ ತಿಳಿಯತಕ್ಕವಾಗಿವೆ. ಮಾಹಿತಿಯು ಹುಟ್ಟುವ ಸ್ಥಳ ಒಂದು; ಅದನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಸರ್ವರು ಎಂಬ ಯಂತ್ರವಿರುವ ಸ್ಥಳ ಇನ್ನೊಂದು; ಅದನ್ನು ಓದುವವನ ಕೈಯಲ್ಲಿರುವ ದೂರವಾಣಿ ಮತ್ತೊಂದು. ಸರ್ವರುಗಳು ಒಂದರಿಂದೊಂದು ಪ್ರತಿ ಮಾಡಿಕೊಳ್ಳುತ್ತವೆ. ಪ್ರತಿ ಎಂದಮೇಲೆ ಮೂಲಕ್ಕೂ ಅದಕ್ಕೂ ಅಂತರವುಂಟಾಗುವುದು ಗ್ರಂಥಸಂಪಾದನೆ ಮಾಡಿದವರಿಗೆ ಹೊಸ ವಿಷಯವಲ್ಲ. ಓಲೆಯ ಪ್ರತಿಯಲ್ಲಿ ಅಂತರವನ್ನು ತರುವುದು ಲಿಪಿಕಾರನ ಪ್ರಮಾದ. ಇಲ್ಲಿ ಅದನ್ನು ತರುವುದು ಕಾಲ. ಮೂಲವು ಬದಲಾದ ಮೇಲೂ ಪ್ರತಿಯು ಹಿಂದಿನದನ್ನೇ ಹೇಳುತ್ತಿರುತ್ತದೆ. ಮೇಲಿಂದ ಮೇಲೆ ಪ್ರತಿ ಮಾಡುತ್ತಿದ್ದರೆ ಅಂತರವು ಕಡಿಮೆಯಾಗುವುದು ನಿಜ. ಆದರೆ ಪ್ರತಿ ಮಾಡುವ ಯಂತ್ರವು ವಿದ್ಯುತ್ತನ್ನು ತಿನ್ನುತ್ತದೆ.

ಈ ತಿನ್ನುವಿಕೆಯ ರೀತಿಯೂ ವಿಚಿತ್ರವಾದದ್ದು. ಬರೋಸೊ ಮತ್ತು ಹೋಲ್ಜ್ಲ ಎಂಬ ಇಬ್ಬರು ೨೦೦೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ದೊಡ್ಡ ಸರ್ವರು ಶಾಲೆಗಳ ಸ್ಥಿತಿಯನ್ನು ತೋರಿಸಿದ್ದಾರೆ. ಅಲ್ಲಿಯ ಯಂತ್ರಗಳು ಬಹುತರ ಕಾಲದಲ್ಲಿ ತಮ್ಮ ಶಕ್ತಿಯ ನೂರಕ್ಕೆ ೧೦ರಿಂದ ೫೦ರ ಒಳಗಿನ ಕೆಲಸವನ್ನು ಮಾತ್ರ ಮಾಡುತ್ತಿದ್ದುವು. ಏನೂ ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ಪೂರ್ಣ ಕೆಲಸದ ವೇಳೆಯ ಸುಮಾರು ಅರ್ಧದಷ್ಟು ವಿದ್ಯುತ್ತನ್ನು ಹೀರುತ್ತಿದ್ದುವು. ಕೆಲಸ ಕಡಿಮೆಮಾಡಿದ ಮಾತ್ರಕ್ಕೆ ಉಳಿತಾಯವಾಗದು, ಯಂತ್ರವನ್ನು ನಿದ್ರೆಗೆ ಕಳುಹಿಸಬೇಕು ಎಂಬುದು ಇದರಿಂದ ಹೊರಡುವ ಮಾತು. ನಿದ್ರೆಯಿಂದ ಎಚ್ಚರಿಸುವುದಕ್ಕೆ ಕಾಲವೂ ಶಕ್ತಿಯೂ ಬೇಕು. ಆದಕಾರಣ ಒಂದೊಂದು ಸುದ್ದಿಗೂ ಎಬ್ಬಿಸದೆ, ಕೆಲವು ಸುದ್ದಿಗಳು ಕೂಡಿದ ಮೇಲೆ ಎಬ್ಬಿಸುವ ಪದ್ಧತಿಯುಂಟು. ಇದರ ಗಣಿತವನ್ನು ಯಾದಿನ್ ಮತ್ತು ನಾವೊರ್ ಎಂಬವರು ೧೯೬೩ರಲ್ಲಿಯೇ ವಿವರಿಸಿದ್ದರು. ಆಳು ತುಂಬುವವರೆಗೆ ಊರ ಮುಂದಿನಿಂದ ಹೊರಡದ ಬಾಡಿಗೆಯ ಗಾಡಿಯ ನ್ಯಾಯವೇ ಇದು. ಗಾಡಿಯವನಿಗೆ ಎಣ್ಣೆ ಉಳಿಯುತ್ತದೆ. ಮೊದಲು ಹತ್ತಿ ಕುಳಿತವನಿಗೆ ಹೊತ್ತು ಹೋಗುತ್ತದೆ.

ಉಳಿತಾಯವನ್ನೂ ಹೊಸತನವನ್ನೂ ತೂಗಬೇಕಾದರೆ ಎರಡಕ್ಕೂ ಅಳತೆ ಬೇಕು. ವಿದ್ಯುತ್ತಿಗೆ ಅಳತೆಯುಂಟು. ಹೊಸತನಕ್ಕೆ ಇತ್ತೀಚೆಗೆ ಕಲ್ಪಿತವಾದ ಅಳತೆಯೇ "ಮಾಹಿತಿಯ ವಯಸ್ಸು". ಈ ಅಳತೆಯು ಎಷ್ಟರಮಟ್ಟಿಗೆ ಲಕ್ಷಣವೆನಿಸಲು ಯೋಗ್ಯವೆಂಬುದೇ ಇಲ್ಲಿಯ ವಿಮರ್ಶೆಯ ವಿಷಯ. ಹೊಸತು ಯಾವುದು, ಹಳತು ಯಾವುದು ಎಂಬ ವಿಚಾರವು ಅಲಂಕಾರಶಾಸ್ತ್ರದಲ್ಲಿಯೂ ಪ್ರಮಾಣಶಾಸ್ತ್ರದಲ್ಲಿಯೂ ಬಹುಕಾಲದಿಂದ ನಡೆದಿರುವುದರಿಂದ ಸಾಹಿತ್ಯದ ಅಧ್ಯಾಪಕರಿಗೆ ಇದು ಪರಕೀಯವೆನಿಸಲಾರದು.

೨. ಲಕ್ಷಣವೂ ಅದರ ಗುಣವೂ

ಈ ಪರಿಭಾಷೆಯು ಪ್ರಸಿದ್ಧಿಗೆ ಬಂದುದು ಸಂಜಿತ್ ಕೌಲ್, ರಾಯ್ ಯೇಟ್ಸ್, ಮಾರ್ಕೊ ಗ್ರುಟೇಸರ್ ಎಂಬ ಮೂವರು ೨೦೧೧ ಮತ್ತು ೨೦೧೨ರಲ್ಲಿ ಪ್ರಕಟಿಸಿದ ಲೇಖನಗಳಿಂದ. ಅವರ ಲಕ್ಷಣವು ಸರಳವಾಗಿದೆ. ಓದುವವನ ಬಳಿ ಇರುವ ಸುದ್ದಿಗಳಲ್ಲಿ ಎಲ್ಲಕ್ಕಿಂತ ಇತ್ತೀಚಿನದು ಯಾವ ಗಳಿಗೆಯಲ್ಲಿ ಮೂಲದಲ್ಲಿ ಹುಟ್ಟಿತೋ ಆ ಗಳಿಗೆಯಿಂದ ಈ ಗಳಿಗೆಯವರೆಗೆ ಕಳೆದ ಕಾಲವೇ ಮಾಹಿತಿಯ ವಯಸ್ಸು. ಹೊಸ ಸುದ್ದಿ ಬರುವವರೆಗೆ ವಯಸ್ಸು ಕ್ಷಣಕ್ಕೆ ಕ್ಷಣದಂತೆ ಏರುತ್ತದೆ. ಬಂದೊಡನೆ ತಟ್ಟನೆ ಇಳಿಯುತ್ತದೆ. ಚಿತ್ರ ಬರೆದರೆ ಗರಗಸದ ಹಲ್ಲಿನಂತೆ ಕಾಣುತ್ತದೆ.

ಈ ಲಕ್ಷಣದ ಗುಣವನ್ನು ಮೊದಲು ಒಪ್ಪಬೇಕು. ಸುದ್ದಿಯು ದಾರಿಯಲ್ಲಿ ಎಷ್ಟು ಹೊತ್ತು ತಡೆಯಿತು ಎಂಬುದನ್ನು ಅಳೆಯುವ ಕ್ರಮವು ಹಿಂದಿನಿಂದಲೂ ಇತ್ತು. ಆದರೆ ವಾರಕ್ಕೊಮ್ಮೆ ಮಾತ್ರ ಹೊರಡುವ ಓಲೆಕಾರನು ಒಂದೇ ಗಳಿಗೆಯಲ್ಲಿ ಓಡಿಬಂದು ಮುಟ್ಟಿಸಿದರೂ ಆರನೆಯ ದಿನ ಓದುವವನಿಗೆ ಸುದ್ದಿ ಹಳತೇ. ತಡವಿಲ್ಲದಿದ್ದರೂ ಹಳತಾಗಬಹುದೆಂಬ ಈ ಭೇದವನ್ನು ಹೊಸ ಲಕ್ಷಣವು ಸ್ಪಷ್ಟಪಡಿಸಿತು. ಹಾಗೆಂದು ಎಷ್ಟು ಹೆಚ್ಚು ಸಲ ಕಳುಹಿಸಿದರೆ ಅಷ್ಟು ಒಳ್ಳೆಯದೆಂದೂ ಅಲ್ಲ. ಒಂದೇ ಯಂತ್ರವು ಬಂದ ಸುದ್ದಿಗಳನ್ನು ಬಂದ ಕ್ರಮದಲ್ಲಿಯೇ ನಿರ್ವಹಿಸುತ್ತದೆ, ಬರುವ ಕಾಲವೂ ನಿರ್ವಹಿಸುವ ಕಾಲವೂ ಯಾದೃಚ್ಛಿಕ ಎಂದು ಇಟ್ಟುಕೊಂಡು ಅವರು ಲೆಕ್ಕ ಮಾಡಿದಾಗ, ಯಂತ್ರದ ಶಕ್ತಿಯ ನೂರಕ್ಕೆ ಸುಮಾರು ೫೩ರಷ್ಟು ಮಾತ್ರ ಕೆಲಸ ಕೊಟ್ಟಾಗ ವಯಸ್ಸು ಅತ್ಯಲ್ಪವಾಗುತ್ತದೆಂದು ಸಿದ್ಧವಾಯಿತು. ಅದಕ್ಕಿಂತ ಹೆಚ್ಚಿದರೆ ಸುದ್ದಿಗಳು ಸಾಲಿನಲ್ಲಿ ನಿಂತು ನಿಂತಲ್ಲಿಯೇ ಮುದಿಯಾಗುತ್ತವೆ.

ಅವರ ಸೂತ್ರವನ್ನೇ ಹಿಡಿದು ಲೆಕ್ಕಮಾಡಿದರೆ ಪ್ರಕೃತ ವಿಷಯಕ್ಕೆ ಉಪಯುಕ್ತವಾದ ಇನ್ನೊಂದು ಫಲವೂ ದೊರೆಯುತ್ತದೆ. ಒಂದು ಸುದ್ದಿಯ ನಿರ್ವಹಣೆಗೆ ಸರಾಸರಿ ಒಂದು ನಿಮಿಷ ಬೇಕೆಂದಿರಲಿ. ಗಂಟೆಗೆ ೫೪ ಸುದ್ದಿಗಳನ್ನು ಕಳುಹಿಸಿದರೆ ಸರಾಸರಿ ವಯಸ್ಸು ೧೦ ನಿಮಿಷ ೧೩ ಸೆಕೆಂಡು. ೩೨ ಸುದ್ದಿಗಳನ್ನು ಕಳುಹಿಸಿದರೆ ೩ ನಿಮಿಷ ೨೯ ಸೆಕೆಂಡು. ೨೪ಕ್ಕೆ ಇಳಿಸಿದರೆ ೩ ನಿಮಿಷ ೪೬ ಸೆಕೆಂಡು. ೧೨ಕ್ಕೆ ಇಳಿಸಿದರೆ ೬ ನಿಮಿಷ ೩ ಸೆಕೆಂಡು. ೩೨ರಿಂದ ೨೪ಕ್ಕೆ ಇಳಿಸುವುದೆಂದರೆ ಕಾಲುಭಾಗದ ಕೆಲಸವನ್ನು ಬಿಟ್ಟಂತೆ. ಅದಕ್ಕೆ ತೆರಬೇಕಾದ ಬೆಲೆ ಕೇವಲ ೧೭ ಸೆಕೆಂಡು. ಅಲ್ಲಿಂದ ಮುಂದೆ ಇಳಿದಷ್ಟೂ ಬೆಲೆ ಏರುತ್ತದೆ. ಹೀಗಿರುವುದರಿಂದ ಉಳಿತಾಯವೂ ಹೊಸತನವೂ ಎಲ್ಲೆಲ್ಲಿಯೂ ಹಾವು ಮುಂಗುಸಿಗಳೆಂಬ ಮಾತು ಸರಿಯಲ್ಲ. ಅತಿಯಾದ ಕಡೆಯಲ್ಲಿ ಕೆಲಸವನ್ನು ತಗ್ಗಿಸಿದರೆ ಎರಡೂ ಲಭಿಸುತ್ತವೆ. ಮಧ್ಯದಲ್ಲಿ ಸ್ವಲ್ಪ ಕೊಟ್ಟು ಬಹಳ ಪಡೆಯಬಹುದು. ಕಡೆಯಲ್ಲಿ ಮಾತ್ರ ನಿಜವಾದ ವಿರೋಧವಿದೆ. ಇಷ್ಟನ್ನು ತೋರಿಸಿಕೊಟ್ಟ ಲಕ್ಷಣವು ಸಾಮಾನ್ಯವಾದದ್ದಲ್ಲ.

೩. ದೋಷವಿಚಾರ

ಆದರೂ ವಯಸ್ಸು ಎಂಬುದು ಹೊಸತನದ ಲಕ್ಷಣವಾಗಬಲ್ಲುದೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಾರನನ್ನು ಕೇಳಿದರೆ ಅವನು ಮೊದಲಿಗೇ ತಲೆಯಲ್ಲಾಡಿಸಿಯಾನು. ಎಳನೀರಿಗೆ ವಯಸ್ಸೇ ಗುಣ. ಕೆಲವು ದಿನ ಕಳೆದರೆ ಅದು ಕೆಟ್ಟಿತು. ಉಂಡೆ ಕೊಬ್ಬರಿಯ ಧರ್ಮವೇ ಬೇರೆ. ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಸದ್ದುಮಾಡುತ್ತದೆ. ಅವಸರಪಟ್ಟು ಒಡೆದರೆ ಬೆಲೆಯಿಲ್ಲ. ಒಂದೇ ಮರದ ಒಂದೇ ಫಲಕ್ಕೆ ಒಂದು ಪ್ರಯೋಜನದಲ್ಲಿ ಹಳೆಯದಾಗುವುದು ದೋಷ, ಇನ್ನೊಂದು ಪ್ರಯೋಜನದಲ್ಲಿ ಗುಣ. ವಯಸ್ಸು ಒಂದು ಸಂಖ್ಯೆ. ಹಳತು ಎಂಬುದು ಪ್ರಯೋಜನವನ್ನು ನೋಡಿಕೊಂಡು ಮಾಡುವ ನಿರ್ಣಯ.

ಇದು ಬರಿಯ ದೃಷ್ಟಾಂತವಲ್ಲ. ಕೊಬ್ಬರಿಯ ಬೆಲೆಯ ಸಮಾಚಾರದಲ್ಲಿಯೇ ಲಕ್ಷಣದ ದೋಷವು ಕಂಡುಬರುತ್ತದೆ. ಉಂಡೆ ಕೊಬ್ಬರಿಗೆ ಎರಡು ಬೆಲೆಗಳುಂಟು. ಕೇಂದ್ರ ಸರ್ಕಾರವು ಒಂದೊಂದು ವರ್ಷದ ಹಂಗಾಮಿಗೆ ಗೊತ್ತುಮಾಡುವ ಕನಿಷ್ಠ ಬೆಂಬಲ ಬೆಲೆ ಒಂದು. ೨೦೨೪ರ ಹಂಗಾಮಿಗೆ ಅದು ಕ್ವಿಂಟಾಲಿಗೆ ೧೨,೦೦೦ ರೂಪಾಯಿ, ೨೦೨೫ರ ಹಂಗಾಮಿಗೆ ೧೨,೧೦೦ ರೂಪಾಯಿ ಆಗಿತ್ತು. ತಿಪಟೂರಿನ ಮಾರುಕಟ್ಟೆಯಲ್ಲಿ ಹರಾಜಿನ ದಿನ ಹುಟ್ಟುವ ಧಾರಣೆ ಇನ್ನೊಂದು. ಬೆಂಬಲ ಬೆಲೆಯ ಸಮಾಚಾರಕ್ಕೆ ಎಂಟು ತಿಂಗಳ ವಯಸ್ಸಾದರೂ ಅದು ಹಳತಲ್ಲ, ಏಕೆಂದರೆ ಮೂಲವು ಬದಲಾಗಿಲ್ಲ. ಹರಾಜಿನ ಧಾರಣೆಯ ಸಮಾಚಾರಕ್ಕೆ ಒಂದು ಗಂಟೆಯ ವಯಸ್ಸಾಗಿದ್ದರೂ, ಆ ಗಂಟೆಯಲ್ಲಿ ಹೊಸ ಹರಾಜು ಮುಗಿದಿದ್ದರೆ, ಅದು ಹಳತು. ಮೊದಲನೆಯದು ವಯಸ್ಸಾಗಿಯೂ ಹೊಸತು; ಎರಡನೆಯದು ಎಳೆಯದಾಗಿಯೂ ಹಳತು. ವಯಸ್ಸು ಅಲ್ಪವಾಗಿರುವುದೇ ಹೊಸತನವೆಂದರೆ ಮೊದಲನೆಯದರಲ್ಲಿ ಅವ್ಯಾಪ್ತಿ, ಎರಡನೆಯದರಲ್ಲಿ ಅತಿವ್ಯಾಪ್ತಿ.

ಹರಾಜಿನ ಕ್ರಮವನ್ನು ಇನ್ನೂ ಸೂಕ್ಷ್ಮವಾಗಿ ನೋಡತಕ್ಕದ್ದು. ಕರ್ಣಾಟಕದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯು ೨೦೧೪ರಲ್ಲಿ ಆರಂಭವಾಯಿತು. ಬೆಳೆಗಾರನು ತಂದ ಚೀಲಗಳಿಗೆ ಲಾಟು ಎಂದು ಸಂಖ್ಯೆ ಬೀಳುತ್ತದೆ. ಅವು ದಲ್ಲಾಳಿಯ ಅಂಗಡಿಯ ಮುಂದೆ ಇರುತ್ತವೆ. ಖರೀದಿದಾರರು ಗೊತ್ತಾದ ಗಳಿಗೆಯೊಳಗೆ ಒಂದೊಂದು ಲಾಟಿಗೂ ತಮ್ಮ ಬೆಲೆಯನ್ನು ಯಂತ್ರದಲ್ಲಿ ನಮೂದಿಸುತ್ತಾರೆ. ಗಳಿಗೆ ಮುಗಿದ ಮೇಲೆ ಹೆಚ್ಚಿನ ಬೆಲೆ ಪ್ರಕಟವಾಗುತ್ತದೆ. ಒಪ್ಪುವುದೂ ಬಿಡುವುದೂ ಬೆಳೆಗಾರನ ಇಷ್ಟ. ಟೆಂಡರು ಮುಗಿಯುವವರೆಗೆ ಆ ದಿನದ ಧಾರಣೆ ಎಂಬ ಪದಾರ್ಥವೇ ಇಲ್ಲ. ಮುಗಿದ ಕ್ಷಣದಲ್ಲಿ ಅದು ಹುಟ್ಟುತ್ತದೆ. ಮುಂದಿನ ಹರಾಜಿನವರೆಗೆ ಹಾಗೆಯೇ ಇರುತ್ತದೆ. ಇಂಥ ಮೂಲದಿಂದ ಐದೈದು ನಿಮಿಷಕ್ಕೆ ಪ್ರತಿ ಮಾಡಿಕೊಳ್ಳುವ ಸರ್ವರು ಹರಾಜಿಲ್ಲದ ದಿನಗಳಲ್ಲಿ ದುಡಿದುದೆಲ್ಲವೂ ನಿಷ್ಫಲ. ಟೆಂಡರು ಮುಗಿದ ನಂತರದ ಅರ್ಧ ಗಂಟೆಯಲ್ಲಿ ಅದು ನಿದ್ರಿಸಿದರೆ ಅದೊಂದೇ ಅರ್ಧ ಗಂಟೆಯ ನಿದ್ರೆಯಿಂದ ಸರ್ವಸ್ವವೂ ಹೋಗುತ್ತದೆ. ಸರಾಸರಿ ವಯಸ್ಸನ್ನು ಮಾತ್ರ ನೋಡುವವನಿಗೆ ಈ ಎರಡು ಅರ್ಧ ಗಂಟೆಗಳೂ ಒಂದೇ ತೂಕದವು. ತುರುವೇಕೆರೆಯಲ್ಲಿ ಕುಳಿತು, ನಾಳೆಗೆ ಕೊಬ್ಬರಿ ಸುಲಿಸಲೋ ಇನ್ನೊಂದು ವಾರ ತಡೆಯಲೋ ಎಂದು ಯೋಚಿಸುವವನಿಗೆ ಅವು ಒಂದೇ ಅಲ್ಲ.

ಪಹಣಿಯ ವಿಷಯವೂ ಹೀಗೆಯೇ. ಈ ಶತಮಾನದ ಆರಂಭದಲ್ಲಿ ಭೂಮಿ ಎಂಬ ಯೋಜನೆಯಿಂದ ರಾಜ್ಯದ ಸುಮಾರು ೨ ಕೋಟಿ ಪಹಣಿಗಳು ಶ್ಯಾನುಭೋಗರ ಬರೆಹದ ಪರಂಪರೆಯನ್ನು ಬಿಟ್ಟು ಯಂತ್ರಕ್ಕೆ ಏರಿದುವು. ಒಂದು ಸರ್ವೆ ನಂಬರಿನ ಪಹಣಿಯು ಹಲವು ವರ್ಷ ಬದಲಾಗದೆ ಇರಬಹುದು. ಕ್ರಯವಾದ, ವಿಭಾಗವಾದ, ಬ್ಯಾಂಕಿನ ಋಣ ಏರಿದ ದಿನ ಮಾತ್ರ ಬದಲಾಗುತ್ತದೆ. ಎಲ್ಲ ಪಹಣಿಗಳನ್ನೂ ಸಮಾನವಾದ ಅವಧಿಗೊಮ್ಮೆ ಪ್ರತಿ ಮಾಡುವುದು ಅಪವ್ಯಯ. ಬದಲಾದ ಒಂದನ್ನು ತಡಮಾಡಿ ಪ್ರತಿ ಮಾಡಿದರೆ ಬೆಳಗ್ಗೆ ಪರಭಾರೆಯಾದ ಜಮೀನು ಮಧ್ಯಾಹ್ನ ಇನ್ನೊಂದೆಡೆ ನಿರ್ಬಾಧವೆಂದು ಕಾಣುವ ಅನರ್ಥಕ್ಕೆ ಅವಕಾಶವಾಗುತ್ತದೆ. ನೋಂದಣಿಯ ಕಾವೇರಿ ಎಂಬ ವ್ಯವಸ್ಥೆಯನ್ನು ಭೂಮಿಯೊಡನೆ ಜೋಡಿಸಿರುವುದಕ್ಕೆ ಇಂಥ ಅನರ್ಥಗಳ ನಿವಾರಣೆಯೂ ಒಂದು ಪ್ರಯೋಜನ.

ಶಾಸ್ತ್ರಕಾರರಿಗೆ ಈ ದೋಷವು ಕಾಣಲಿಲ್ಲವೆನ್ನಲಾಗದು. ವಯಸ್ಸಿನ ಲಕ್ಷಣ ಪ್ರಸಿದ್ಧವಾಗುವುದಕ್ಕೆ ಮುಂಚೆಯೇ, ೨೦೦೦ದಲ್ಲಿ, ಚೋ ಮತ್ತು ಗಾರ್ಸಿಯಾ ಮೊಲಿನಾ ಎಂಬವರು ಪ್ರತಿಯು ಮೂಲಕ್ಕೆ ಸಮವಾಗಿದೆಯೆ ಇಲ್ಲವೆ ಎಂಬುದನ್ನೇ ಹೊಸತನವೆಂದು ಹಿಡಿದು ಒಂದು ಆಶ್ಚರ್ಯಕರವಾದ ಫಲವನ್ನು ಸಾಧಿಸಿದ್ದರು. ಪ್ರತಿ ಮಾಡುವ ಶಕ್ತಿ ಪರಿಮಿತವಾಗಿದ್ದಾಗ, ಅತಿವೇಗವಾಗಿ ಬದಲಾಗುವ ಮೂಲವನ್ನು ಹೆಚ್ಚು ಸಲ ಅಲ್ಲ, ಕಡಿಮೆ ಸಲವೇ ನೋಡಬೇಕು ಎಂಬುದು ಆ ಫಲ. ನೋಡಿ ಬಂದ ಮರುಕ್ಷಣವೇ ಬದಲಾಗುವುದರ ಬೆನ್ನುಹತ್ತುವುದು ವ್ಯರ್ಥ. ಆ ಶಕ್ತಿಯನ್ನು ಬೇರೆಯವಕ್ಕೆ ಕೊಟ್ಟರೆ ಒಟ್ಟಿನಲ್ಲಿ ಹೆಚ್ಚು ಪ್ರತಿಗಳು ನಿಜ ಹೇಳುತ್ತವೆ. ಮುಂದೆ ೨೦೨೦ರಲ್ಲಿ ಮಾತೂಕ್ ಮೊದಲಾದವರು ತಪ್ಪು ಮಾಹಿತಿಯ ವಯಸ್ಸು ಎಂಬ ಪರಿಷ್ಕೃತ ಲಕ್ಷಣವನ್ನು ಪ್ರಕಟಿಸಿದರು. ಪ್ರತಿಯು ಮೂಲಕ್ಕೆ ಸಮವಾಗಿರುವವರೆಗೆ ಅದಕ್ಕೆ ವಯಸ್ಸೇ ಇಲ್ಲ. ತಪ್ಪಾದ ಕ್ಷಣದಿಂದ ಮಾತ್ರ ಎಣಿಕೆ ಮೊದಲು.

೪. ಧಾರಾವಾಹಿಕ ಜ್ಞಾನವೂ ಅನುಪಲಬ್ಧಿಯೂ

ಈ ಎರಡು ಲಕ್ಷಣಗಳ ವಿವಾದವು ಪ್ರಮಾಣಶಾಸ್ತ್ರದ ಒಂದು ಪ್ರಾಚೀನ ವಿವಾದವನ್ನು ನೆನಪಿಗೆ ತರುತ್ತದೆ. ಎದುರಿಗಿರುವ ಗಡಿಗೆಯನ್ನು ನೋಡುತ್ತ ಕುಳಿತವನಿಗೆ "ಇದು ಗಡಿಗೆ, ಇದು ಗಡಿಗೆ" ಎಂದು ಒಂದರ ಹಿಂದೊಂದು ಜ್ಞಾನ ಹುಟ್ಟುತ್ತದೆ. ಇದೇ ಧಾರಾವಾಹಿಕ ಜ್ಞಾನ. ಇದರಲ್ಲಿ ಎರಡನೆಯದು ಪ್ರಮೆಯೆ? ನೈಯಾಯಿಕರು ಯಥಾರ್ಥವಾದ ಅನುಭವವೆಲ್ಲವನ್ನೂ ಪ್ರಮೆಯೆನ್ನುತ್ತಾರೆ. ಹೊಸದಾಗಿರಬೇಕೆಂಬ ನಿರ್ಬಂಧ ಅವರಿಗಿಲ್ಲ. ಭಾಟ್ಟ ಮೀಮಾಂಸಕರು ಹಿಂದೆ ತಿಳಿಯದಿದ್ದುದನ್ನು ತಿಳಿಸಿದರೆ ಮಾತ್ರ ಪ್ರಮೆಯೆನ್ನುತ್ತಾರೆ. ಹಾಗಾದರೆ ಎರಡನೆಯ ಜ್ಞಾನವು ವ್ಯರ್ಥವಾಯಿತಲ್ಲ ಎಂದರೆ ಅವರ ಸಮಾಧಾನವು ಮನನೀಯವಾಗಿದೆ: ಎರಡನೆಯ ಜ್ಞಾನದಲ್ಲಿ ಗಡಿಗೆ ಹಳೆಯದೇ, ಆದರೆ "ಈಗಲೂ" ಎಂಬ ಕಾಲಾಂಶ ಹೊಸದು.

ಸರ್ವರುಗಳ ವಿಷಯದಲ್ಲಿ ಈ ಸಮಾಧಾನಕ್ಕೆ ವಿಶೇಷವಾದ ಬೆಲೆಯಿದೆ. ಧಾರಣೆ ಬದಲಾಗದಿದ್ದಾಗ ಬರುವ ಸುದ್ದಿಯು ಪೂರ್ತಿ ವ್ಯರ್ಥವೆಂದು ಹೇಳಲಾಗದು. "ಈಗಲೂ ಅದೇ" ಎಂಬಷ್ಟು ಅದರಿಂದ ತಿಳಿಯುತ್ತದೆ. ಆದರೆ ಅಷ್ಟನ್ನು ತಿಳಿಸುವುದಕ್ಕೆ ಇಡೀ ಪಟ್ಟಿಯನ್ನು ಹೊತ್ತು ತರಬೇಕಾಗಿಲ್ಲ. ಎರಡು ಅಕ್ಷರ ಸಾಕು. ಮೂಲವು ಬದಲಾದಾಗ ಪೂರ್ಣ ಸುದ್ದಿ, ಬದಲಾಗದಿದ್ದಾಗ ಬದುಕಿದ್ದೇನೆಂಬ ಚಿಕ್ಕ ಸೂಚನೆ ಎಂದು ವಿಭಾಗಮಾಡಿಕೊಂಡರೆ ಉಳಿತಾಯವು ಸುದ್ದಿಯ ಸಂಖ್ಯೆಯಿಂದಲ್ಲದೆ ಅದರ ಭಾರದಿಂದ ಬರುತ್ತದೆ. ಯಂತ್ರಶಾಸ್ತ್ರದವರು ಇಂಥ ಸೂಚನೆಯನ್ನು ಹೃದಯಬಡಿತವೆಂದು ಕರೆಯುತ್ತಾರೆ.

ಬದಲಾದಾಗ ಮಾತ್ರ ತಿಳಿಸಿದರೆ ಸಾಲದೆ, ಈ ಸೂಚನೆಯೂ ಏಕೆ? ಇದಕ್ಕೆ ಉತ್ತರವು ಅನುಪಲಬ್ಧಿಯ ವಿಚಾರದಲ್ಲಿದೆ. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದನ್ನು ಭಾಟ್ಟರು ಪ್ರತ್ಯೇಕ ಪ್ರಮಾಣವಾಗಿ ಒಪ್ಪುತ್ತಾರೆ. ಆದರೆ ಎಲ್ಲ ಕಾಣದಿರುವಿಕೆಯನ್ನೂ ಅಲ್ಲ. ಇದ್ದಿದ್ದರೆ ಕಾಣುತ್ತಿತ್ತು ಎಂಬ ಯೋಗ್ಯತೆ ಬೇಕು. ದೀಪವಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಪರದೆಯ ಮೇಲೆ ಧಾರಣೆಯು ಬೆಳಗಿನಿಂದ ಬದಲಾಗದೆ ನಿಂತಿದ್ದರೆ ಅದಕ್ಕೆ ಎರಡು ಕಾರಣಗಳಿರಬಹುದು: ಧಾರಣೆಯೇ ಬದಲಾಗಿಲ್ಲ, ಅಥವಾ ಸರ್ವರು ನಿದ್ರಿಸುತ್ತಿದೆ. ನೋಡುವವನಿಗೆ ಎರಡೂ ಒಂದೇ ರೂಪ. ತಪ್ಪು ಮಾಹಿತಿಯ ವಯಸ್ಸೆಂಬ ಲಕ್ಷಣವು ಮೂಲದ ಕಡೆಯಿಂದ ನಿರ್ದುಷ್ಟವಾದರೂ ಓದುವವನ ಕಡೆಯಿಂದ ಇಲ್ಲಿ ಕುಂಟುತ್ತದೆ. ತನ್ನಲ್ಲಿರುವುದು ತಪ್ಪೆಂದು ಅವನಿಗೆ ಗೊತ್ತಾಗುವ ದಾರಿಯಿಲ್ಲ. ಹೃದಯಬಡಿತವು ಕೋಣೆಯಲ್ಲಿಟ್ಟ ದೀಪ. ಅದಿದ್ದರೆ ಮೌನವೂ ಪ್ರಮಾಣ. ಇಲ್ಲದಿದ್ದರೆ ಮೌನವು ಸಂಶಯಕ್ಕೆ ಮಾತ್ರ ಬೀಜ. ಆದುದರಿಂದ ನಿದ್ರಿಸುವ ಯಂತ್ರವು ನಿದ್ರಿಸುತ್ತೇನೆಂದೂ ಇಂಥ ಗಳಿಗೆಗೆ ಏಳುತ್ತೇನೆಂದೂ ಹೇಳಿ ನಿದ್ರಿಸತಕ್ಕದ್ದು.

ಶಾಸನಗಳನ್ನು ಓದಿದವರಿಗೆ ಇದರ ಇನ್ನೊಂದು ಮುಖವು ಹೊಳೆಯದೆ ಇರದು. ರೈಸರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ ೧೨ನೆಯ ಸಂಪುಟವು ತುಮಕೂರು ಜಿಲ್ಲೆಯ ಶಾಸನಗಳದು. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳುವ ದಾನಶಾಸನವು ನೂರಾರು ವರ್ಷ ಹಳೆಯದಾದರೂ ಯಾರನ್ನೂ ವಂಚಿಸುವುದಿಲ್ಲ. ತಾನು ಎಂದಿನದೆಂದು ಅದು ತಾನೇ ಹೇಳುತ್ತದೆ. ಕಾಲವನ್ನು ಹೇಳದ ಕಲ್ಲು ಮಾತ್ರ ಲಿಪಿಯ ಚರ್ಚೆಗೆ ಗುರಿಯಾಗುತ್ತದೆ. ಧಾರಣೆಯ ಅಂಕಿಯ ಕೆಳಗೆ ಅದು ಯಾವ ಹರಾಜಿನದು, ಯಾವ ಗಳಿಗೆಯಲ್ಲಿ ಮೂಲದಿಂದ ಬಂದದ್ದು ಎಂಬುದನ್ನು ಬರೆಯುವುದಕ್ಕೆ ಆಗುವ ವಿದ್ಯುತ್ತಿನ ವೆಚ್ಚ ಗಣನೆಗೆ ಬಾರದು. ಹಳತಾಗಿರುವುದು ದೋಷವಾದರೆ ಹಳತೆಂದು ಹೇಳದಿರುವುದು ಅಪರಾಧ.

೫. ತೂಗುವವರಾರು?

ಇನ್ನು ಸಮತೋಲನವೆಂಬ ಶಬ್ದದ ವಿಚಾರ. ಈ ಶಾಸ್ತ್ರದ ಬಹುತರ ಗ್ರಂಥಗಳಲ್ಲಿ ಉಳಿತಾಯವನ್ನೂ ವಯಸ್ಸನ್ನೂ ಒಂದೊಂದು ಗುಣಕದಿಂದ ಗುಣಿಸಿ ಕೂಡಿಸಿ ಮೊತ್ತವನ್ನು ಕನಿಷ್ಠಗೊಳಿಸುವ ಕ್ರಮವು ಕಂಡುಬರುತ್ತದೆ. ಗಣಿತದಲ್ಲಿ ಇದು ನಿರ್ದೋಷ. ಆದರೆ ಎರಡನ್ನು ಕೂಡಿಸಬೇಕಾದರೆ ಅವು ಸಮಾನಾಧಿಕರಣವಾಗಿರಬೇಕು, ಅಂದರೆ ಒಂದೇ ಆಶ್ರಯದಲ್ಲಿರಬೇಕು. ದೇವದತ್ತನು ಉಪವಾಸಮಾಡಿದರೆ ಯಜ್ಞದತ್ತನ ಅಜೀರ್ಣ ಹೋಗುವುದಿಲ್ಲ. ವಿದ್ಯುತ್ತಿನ ಉಳಿತಾಯವು ಸರ್ವರಿನ ಒಡೆಯನಲ್ಲಿದೆ. ಹಳತಾದ ಮಾಹಿತಿಯ ಹಾನಿಯು ಓದುವವನಲ್ಲಿದೆ. ವ್ಯಧಿಕರಣವಾದ ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು, ಗುಣಕವನ್ನು ಒಡೆಯನೇ ಗೊತ್ತುಮಾಡಿದರೆ ಅದು ತೂಕವೆನಿಸದು.

ಓದುವವರಲ್ಲಿಯೂ ತಾರತಮ್ಯವುಂಟು. ಮಾರುಕಟ್ಟೆಯ ಅಂಗಳದಲ್ಲಿಯೇ ಇರುವ ವರ್ತಕನಿಗೆ ಪರದೆಯು ಹಳತನ್ನು ತೋರಿಸಿದರೂ ನಷ್ಟವಿಲ್ಲ. ಅವನ ಕಿವಿಗೆ ಧಾರಣೆಯು ನೇರವಾಗಿ ಬಿದ್ದಿರುತ್ತದೆ. ದೂರದ ಹಳ್ಳಿಯಲ್ಲಿದ್ದು ಪರದೆಯೊಂದನ್ನೇ ನಂಬಿದವನಿಗೆ ಅದೇ ಅರ್ಧ ಗಂಟೆ ಒಂದು ವರ್ಷದ ಫಸಲಿನ ಬೆಲೆಯನ್ನು ಏರುಪೇರುಮಾಡಬಹುದು. ಅಟ್ಟದ ಮೇಲೆ ವರ್ಷಕಾಲ ಕಾಯಿಯನ್ನು ಕಾಯ್ದವನು, ಧಾರಣೆ ಏರಿದ ಸುದ್ದಿ ಬರುವುದಕ್ಕೆ ಮುಂಚೆ, ಮನೆಯ ಬಾಗಿಲಿಗೆ ಬಂದವನಿಗೆ ಹಿಂದಿನ ಧಾರಣೆಯಲ್ಲಿ ಮಾತುಕೊಟ್ಟನೆಂದರೆ ಆ ಮಾತನ್ನು ಯಾವ ಯಂತ್ರವೂ ಹಿಂದಕ್ಕೆ ತರಲಾರದು. ನಿದ್ರೆಯ ಹಾನಿಯು ಎಲ್ಲರ ಮೇಲೂ ಸಮನಾಗಿ ಬೀಳದೆ, ಬೇರೆ ದಾರಿಯಿಲ್ಲದವನ ಮೇಲೆಯೇ ಬೀಳುತ್ತದೆ. ಸರಾಸರಿಯು ಇದನ್ನು ಮರೆಸುತ್ತದೆ.

ಹಾಗೆಂದು ಉಳಿತಾಯವನ್ನು ತಿರಸ್ಕರಿಸುವುದೂ ಯುಕ್ತವಲ್ಲ. ವಿದ್ಯುತ್ತಿನ ಬೆಲೆಯನ್ನು ತೆಂಗಿನ ಸೀಮೆಯವರಿಗೆ ಬೋಧಿಸಬೇಕಾಗಿಲ್ಲ. ತೋಟದ ಪಂಪಿಗೆ ಮೂರು ಫೇಸಿನ ವಿದ್ಯುತ್ತು ಯಾವಾಗ ಬಂದೀತೆಂದು ರಾತ್ರಿ ಎದ್ದು ಕುಳಿತವರು ಅಲ್ಲಿ ವಿರಳರಲ್ಲ. ಅದೇ ಜಿಲ್ಲೆಯ ಪಾವಗಡದಲ್ಲಿ ೨೦೧೯ರ ಹೊತ್ತಿಗೆ ೨,೦೫೦ ಮೆಗಾವಾಟಿನ ಸೌರಶಕ್ತಿಯ ಸ್ಥಾವರವು ಪೂರ್ಣಗೊಂಡಿತು. ಸೂರ್ಯನ ವಿದ್ಯುತ್ತು ಹಗಲಿನಲ್ಲಿ ವಿಶೇಷವಾಗಿ ದೊರೆಯತಕ್ಕದ್ದಾದುದರಿಂದ ಎಷ್ಟು ವಿದ್ಯುತ್ತು ಎಂಬುದರ ಜೊತೆಗೆ ಯಾವ ವೇಳೆಯ ವಿದ್ಯುತ್ತು ಎಂಬುದೂ ಮುಖ್ಯವಾಗಿದೆ. ಅವಸರವಿಲ್ಲದ ಗಣಕಕಾರ್ಯಗಳನ್ನು ಶುದ್ಧವಾದ ವಿದ್ಯುತ್ತು ಹೆಚ್ಚಾಗಿರುವ ವೇಳೆಗೆ ಸರಿಸುವ ಕ್ರಮವನ್ನು ಗೂಗಲ್ ಸಂಸ್ಥೆಯು ೨೦೨೦ರಲ್ಲಿ ಪ್ರಕಟಪಡಿಸಿತು. ಬದಲಾಗದ ಪಹಣಿಗಳ ಪ್ರತಿ, ಹಿಂದಿನ ವರ್ಷಗಳ ಧಾರಣೆಯ ಪಟ್ಟಿ ಮುಂತಾದವು ಹೀಗೆ ಸರಿಸತಕ್ಕವೇ. ಟೆಂಡರಿನ ಫಲ ಹೀಗೆ ಸರಿಸತಕ್ಕದ್ದಲ್ಲ. ಯಾವುದು ಕಾಯಬಲ್ಲುದು, ಯಾವುದು ಕಾಯಲಾರದು ಎಂಬ ವಿವೇಕವೇ ಇಲ್ಲಿ ಮುಖ್ಯ.

೬. ಆಕ್ಷೇಪ, ಸಮಾಧಾನ, ಸಿದ್ಧಾಂತ

ಯಂತ್ರಕ್ಕೆ ಗಡಿಯಾರ ತಿಳಿಯುತ್ತದೆಯೇ ಹೊರತು ಓದುವವನ ಪ್ರಯೋಜನ ತಿಳಿಯುವುದಿಲ್ಲ, ಆದುದರಿಂದ ವಯಸ್ಸೇ ಗತಿ ಎಂದು ಶಂಕಿಸಬಹುದು. ಇದಕ್ಕೆ ಸಮಾಧಾನವೇನೆಂದರೆ: ಹರಾಜಿನ ದಿನವೂ ಟೆಂಡರು ಮುಗಿಯುವ ಗಳಿಗೆಯೂ ಮೊದಲೇ ಗೊತ್ತಾದವು, ಪಹಣಿಯ ಬದಲಾವಣೆಯು ಮೂಲಯಂತ್ರದಲ್ಲಿಯೇ ಆಗತಕ್ಕದ್ದು, ಬೆಂಬಲ ಬೆಲೆಯು ವರ್ಷಕ್ಕೊಮ್ಮೆ ಬರತಕ್ಕದ್ದು. ಪ್ರಯೋಜನದ ಕಾಲವನ್ನು ಯಂತ್ರವು ಊಹಿಸಬೇಕಾಗಿಲ್ಲ. ಮನುಷ್ಯರು ಅದಕ್ಕೆ ಒಂದು ಪಂಚಾಂಗವನ್ನು ಬರೆದುಕೊಟ್ಟರೆ ಸಾಕು. ಮಳೆಯಂತೆ ಕಾಲನಿಯಮವಿಲ್ಲದ ಮೂಲಗಳಲ್ಲಿ ಮಾತ್ರ ವಯಸ್ಸಿನ ಲಕ್ಷಣವು ತನ್ನ ಪೂರ್ಣಬಲದಿಂದ ಉಪಯುಕ್ತವಾಗುತ್ತದೆ. ಆಗಲೂ ಮೇಲೆ ತೋರಿಸಿದಂತೆ ಮಧ್ಯಮಮಾರ್ಗದಲ್ಲಿ ಅಲ್ಪವ್ಯಯದಿಂದ ಬಹಳ ಲಾಭವಿದೆ.

ಅಲಂಕಾರಶಾಸ್ತ್ರವನ್ನು ಇಲ್ಲಿಗೆ ಎಳೆದುತರುವುದು ಅಪ್ರಸ್ತುತವೆಂಬ ಇನ್ನೊಂದು ಆಕ್ಷೇಪವೂ ಬರಬಹುದು. ಹಾಗಲ್ಲ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಹಿಂದೆ ಕಂಡ ಅರ್ಥವೇ ರಸವನ್ನು ಪಡೆದಾಗ ಹೊಸದಾಗಿ ತೋರುವುದೆಂದು ಪ್ರತಿಪಾದಿಸಿದ್ದಾನೆ. ಹೊಸತನವು ವಸ್ತುವಿನ ಹುಟ್ಟಿದ ತೇದಿಯಲ್ಲಿಲ್ಲ, ಗ್ರಹಿಸುವವನ ಸಂಬಂಧದಲ್ಲಿದೆ ಎಂಬುದು ಅದರ ಸಾರ. ಕ್ಷೇಮೇಂದ್ರನು ಔಚಿತ್ಯವೆಂದು ಕರೆದುದೂ ಸ್ಥಾನವನ್ನು ಬಿಟ್ಟು ಗುಣವಿಲ್ಲವೆಂಬುದನ್ನೇ. ಕಾವ್ಯಕ್ಕೂ ಕೊಬ್ಬರಿಯ ಧಾರಣೆಗೂ ಅಂತರ ಬಹಳ. ಆದರೆ ಗ್ರಹಿಸುವವನನ್ನು ಬಿಟ್ಟು ಹೊಸತನವನ್ನು ಲಕ್ಷಿಸಹೊರಟಾಗ ಬರುವ ದೋಷವು ಎರಡೆಡೆಯೂ ಒಂದೇ.

ಹೀಗೆ ಪರಿಶೀಲಿಸಿದಲ್ಲಿ ಲಕ್ಷಣವನ್ನು ಈ ರೀತಿಯಾಗಿ ಪರಿಷ್ಕರಿಸಬಹುದು: ಓದುವವನು ನಿರ್ಣಯ ಮಾಡತಕ್ಕ ಕಾಲದಲ್ಲಿ ಮೂಲದಿಂದ ಬಾಧಿತವಾಗದೆ ಇರುವುದು, ಮತ್ತು ಬಾಧಿತವಾಗಿಲ್ಲವೆಂಬುದನ್ನು ಓದುವವನೇ ಅರಿಯಬಲ್ಲಂತಿರುವುದು ಮಾಹಿತಿಯ ಹೊಸತನ. ಮೊದಲನೆಯ ವಿಶೇಷಣದಿಂದ ಯಂತ್ರಕ್ಕೆ ನಿದ್ರಿಸುವ ಅವಕಾಶ ದೊರೆಯುತ್ತದೆ. ಎರಡನೆಯ ವಿಶೇಷಣದಿಂದ ಆ ನಿದ್ರೆಗೆ ಮರ್ಯಾದೆ ಬೀಳುತ್ತದೆ. ಮೊದಲನೆಯದನ್ನು ಬಿಟ್ಟರೆ ವಿದ್ಯುತ್ತು ವ್ಯರ್ಥವಾಗುತ್ತದೆ; ಎರಡನೆಯದನ್ನು ಬಿಟ್ಟರೆ ಮೂಲದಿಂದ ದೂರವಿರುವವನು ಮೋಸಹೋಗುತ್ತಾನೆ. ಮಾಹಿತಿಯ ವಯಸ್ಸೆಂಬುದು ಈ ಲಕ್ಷಣಕ್ಕೆ ಉಪಯುಕ್ತವಾದ ಒಂದು ಲಿಂಗವಾಗಬಲ್ಲುದು. ಲಕ್ಷಣದ ಸ್ಥಾನದಲ್ಲಿ ಅದನ್ನೇ ಕುಳ್ಳಿರಿಸುವುದು ಕೊಂಬನ್ನು ನೋಡಿ ಗೋವೆಂದು ನಿಶ್ಚಯಿಸಿದಂತಾಗುತ್ತದೆ. ಯಂತ್ರಶಾಸ್ತ್ರವನ್ನೂ ಪ್ರಮಾಣಶಾಸ್ತ್ರವನ್ನೂ ಬಲ್ಲ ವಿದ್ವಾಂಸರು ಈ ಪರಿಷ್ಕಾರದಲ್ಲಿ ಉಳಿದಿರಬಹುದಾದ ದೋಷಗಳನ್ನು ಶೋಧಿಸಿ ಮುಂದುವರಿಸುವುದು ಯುಕ್ತವಾಗಿದೆ.